ಮೂವತ್ತನೆಯ ತಲೆ

ತಂದೆತಾಯಿ ಗಡಿಗೆ ಹೋದ ಮಕ್ಕಳು ಒಂದು ಶಾಲೆಯಲ್ಲಿ ಇಪ್ಪತ್ತೊಂಬತ್ತು ಮಂದಿ ಇದ್ದರೆ ಅವರಿಗೆ ದುಃಖವಾಗುವುದಿಲ್ಲವೆಂದು ಸರ್ಕಾರ ತೀರ್ಮಾನಿಸಿತ್ತು. ಮೂವತ್ತನೆಯ ಮಗು ಬಂದು ಕುಳಿತ ಮೇಲೆಯೇ ದುಃಖ ಶುರು. ಆಗ ಅವರಿಗೆಂದೇ ಒಬ್ಬ ಶಿಕ್ಷಕಿ, ಒಂದು ಕೋಣೆ, ಕೋಣೆಗೊಂದು ಫ್ಯಾನು ಮಂಜೂರಾಗುತ್ತಿದ್ದವು. ಒಂದು ತಲೆ ಕಡಿಮೆಯಾದರೆ ಸಿಗುತ್ತಿದ್ದುದು ಒಂದು ಡಬ್ಬಿ ಬಣ್ಣದ ಪೆನ್ಸಿಲು, ಜೊತೆಗೆ ‘ನಿನ್ನ ತಂದೆಯ ಬಗ್ಗೆ ಹೆಮ್ಮೆಪಡು’ ಎಂದು ಬರೆದ ಗೋಡೆಚಿತ್ರ. ತಾಯಂದಿರೂ ಸೈನ್ಯಕ್ಕೆ ಸೇರತೊಡಗಿ ಹದಿನೈದು ವರ್ಷವಾಗಿದ್ದರೂ ಗೋಡೆಚಿತ್ರಕ್ಕೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

ವರ್ಷಕ್ಕೊಮ್ಮೆ, ಮೊದಲೇ ಗೊತ್ತುಮಾಡಿದ ಒಂದು ದಿನ, ಮೇಲಿನ ಕಚೇರಿಯಿಂದ ತನಿಖಾಧಿಕಾರಿ ಬಂದು ತಲೆ ಎಣಿಸುತ್ತಿದ್ದರು. ಆ ಒಂದು ದಿನ ಮಗು ಶಾಲೆಯಲ್ಲಿರಬೇಕು, ತಂದೆಯೋ ತಾಯಿಯೋ ಗಡಿಯಲ್ಲಿರಬೇಕು. ಮಾರನೆಯ ದಿನ ಮಗುವಿಗೆ ಜ್ವರ ಬರಲಿ, ತಂದೆಗೆ ಗುಂಡು ತಗಲಲಿ, ಕಡತಕ್ಕೆ ಅದರಿಂದ ಯಾವ ಬಾಧೆಯೂ ಇರಲಿಲ್ಲ.

ಈ ಶಾಲೆಗೆ ಮಂಜೂರಾಗಿ ಬಂದ ಶಿಕ್ಷಕಿಯನ್ನು ಮಕ್ಕಳು ‘ಕೋಣೆ ಟೀಚರ್’ ಎಂದು ಕರೆಯುತ್ತಿದ್ದರು. ಕೋಣೆಯೆಂದರೆ ಮಹಡಿಯ ಮೆಟ್ಟಿಲ ಕೆಳಗೆ, ಕಾಲು ಮುರಿದ ಬೆಂಚುಗಳನ್ನು ಹಿಂದೆ ಪೇರಿಸಿಡುತ್ತಿದ್ದ ಗೂಡು. ಚಾವಣಿ ಮೆಟ್ಟಿಲ ಜೊತೆಗೇ ಇಳಿದು ಬಂದಿದ್ದರಿಂದ ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದಿತ್ತು. ಕಿಟಕಿಯ ಬಳಿ ಎಂಥ ಸ್ವಾಭಿಮಾನಿಯೂ ತಲೆ ತಗ್ಗಿಸಲೇಬೇಕಿತ್ತು. ಮಂಜೂರಾದ ಫ್ಯಾನು ಹೆಡ್‌ಮಾಸ್ತರರ ಕೋಣೆಯಲ್ಲಿ ತಿರುಗುತ್ತಿತ್ತು. ಗಾಳಿಗೆ ಆ ಕೋಣೆ ಈ ಕೋಣೆ ಎಂಬ ಭೇದವಿಲ್ಲವೆಂಬುದು ಅವರ ತತ್ವ. ಮೊದಲ ವರ್ಷದ ಅನುದಾನದಲ್ಲಿ ಗೇಟಿಗೆ ‘ವೀರರ ಮಕ್ಕಳಿಗೆ ಸುಸ್ವಾಗತ’ ಎಂಬ ಕಮಾನು ಎದ್ದಿತು. ಎರಡನೆಯ ವರ್ಷ ಕಮಾನಿಗೆ ಬಣ್ಣದ ದೀಪ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸುವುದರಲ್ಲಿ ಹೆಡ್‌ಮಾಸ್ತರರದು ಎತ್ತಿದ ಕೈ. ಪುಸ್ತಕಗಳನ್ನು ಮಾತ್ರ ಟೀಚರು ತಾನೇ ರದ್ದಿ ಅಂಗಡಿಯಿಂದ ತೂಕಕ್ಕೆ ಕೊಂಡು ತಂದಿದ್ದಳು.

ಆದರೂ ಆ ಗೂಡಿನಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಮಗು ಒಂದು ಪುಸ್ತಕ ಆರಿಸಿಕೊಂಡು ಮೊದಲ ಪುಟವನ್ನು ಟೀಚರ ಫೋನಿಗೆ ಓದಬೇಕು. ಎರಡನೆಯ ಪುಟದ ಚಿತ್ರ ತೆಗೆದು, ಮಗುವಿನ ದನಿಯ ಜೊತೆ ಟೀಚರು ಗಡಿಗೆ ಕಳಿಸುತ್ತಾಳೆ. ಅಲ್ಲಿ ಸಂಪರ್ಕ ಸಿಕ್ಕಾಗ ತಂದೆಯೋ ತಾಯಿಯೋ ಆ ಪುಟ ಓದಿ ಕಳಿಸುತ್ತಾರೆ. ಮೂರನೆಯದು ಮತ್ತೆ ಮಗುವಿನದು. ಹೀಗೆ ಒಂದು ಪುಟ ಇಲ್ಲಿಂದ, ಒಂದು ಪುಟ ಅಲ್ಲಿಂದ, ಒಂದೊಂದು ಕಥೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಗುಂಡಿನ ಸದ್ದಿನ ನಡುವೆ ಒಬ್ಬ ಫಿರಂಗಿಯವನು ಮೊಲದ ದನಿಯಲ್ಲಿ ಓದಿದ್ದನ್ನು ಮೂವತ್ತು ಮಕ್ಕಳೂ ಹತ್ತು ಸಲ ಕೇಳಿ ಬಿದ್ದು ಬಿದ್ದು ನಕ್ಕಿದ್ದರು. ಈ ಕೆಲಸಕ್ಕೆ ಸರ್ಕಾರದ ನಮೂನೆಯಲ್ಲಿ ಕಲಮು ಇರಲಿಲ್ಲ. ಕಮಾನಿಗೆ ಇತ್ತು.

ಆ ಮೂವತ್ತರಲ್ಲಿ ಒಬ್ಬಳು ಸೂಜಿ. ಎಂಟು ವರ್ಷದ ಕಡ್ಡಿಯಂಥ ಹುಡುಗಿ. ನೋಟ ಚುಚ್ಚುವಂತಿದ್ದುದರಿಂದ ಅಜ್ಜಿಯೇ ಇಟ್ಟ ಅಡ್ಡಹೆಸರು. ತಂದೆ ಎಂದೋ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ. ತಾಯಿ ಸೈನ್ಯದ ಲಾರಿಗಳ ಮೆಕ್ಯಾನಿಕ್. ಹದಿನಾಲ್ಕು ತಿಂಗಳ ಹಿಂದೆ ತಾಯಿ ಗಡಿಗೆ ಹೊರಟ ದಿನ ಸೂಜಿ ಶಾಲೆಯಲ್ಲಿ ಬಾಯಿ ಮುಚ್ಚಿದವಳು ಎಂಟು ತಿಂಗಳು ತೆರೆಯಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು, ಬಾಯಾರಿದರೆ ನಲ್ಲಿ ತೋರಿಸುತ್ತಿದ್ದಳು. ಹೆಡ್‌ಮಾಸ್ತರರು ಅವಳಿಗೆ ‘ಶಿಸ್ತಿನ ಬಾಲಕಿ’ ಎಂಬ ಪ್ರಶಸ್ತಿಪತ್ರ ಕೊಟ್ಟರು. ಟೀಚರು ಮಾತ್ರ ದಿನವೂ ಅವಳೆದುರು ಫೋನಿಟ್ಟು, ಪುಸ್ತಕ ತೆರೆದು, ಸುಮ್ಮನೆ ಕಾಯುತ್ತಿದ್ದಳು. ಒಂದು ಮಧ್ಯಾಹ್ನ ಸೂಜಿ ಫೋನನ್ನು ತನ್ನ ಕಡೆ ಎಳೆದುಕೊಂಡು, ಹಡಗಿನ ಅಡುಗೆಯವನೊಬ್ಬನ ಮತ್ತು ಅವನ ಸೋಮಾರಿ ಬಾತುಕೋಳಿಯ ಕಥೆಯ ಮೊದಲ ಪುಟವನ್ನು ಒಂದೇ ಉಸಿರಿಗೆ ಓದಿದಳು. ಆಮೇಲೆ ಆ ಬಾಯಿಗೆ ಬಿಡುವೇ ಇರಲಿಲ್ಲ. ಟೀಚರು ಏಳು ಊರು ತಿರುಗಿ, ಏಳು ಶಾಲೆಗಳಲ್ಲಿ ತಾತ್ಕಾಲಿಕ ಹುದ್ದೆಯ ನೀರು ಕುಡಿದವಳು. ಅಷ್ಟರಲ್ಲೂ ಇಷ್ಟು ಸಂತೋಷಪಟ್ಟದ್ದು ಅವಳಿಗೆ ನೆನಪಿರಲಿಲ್ಲ.

ತಲೆ ಎಣಿಕೆಗೆ ಹನ್ನೊಂದು ದಿನ ಉಳಿದಿರುವಾಗ ಸೂಜಿಯ ತಾಯಿ ಬಂದುಬಿಟ್ಟಳು.

ಜ್ಯಾಕು ಜಾರಿ ಲಾರಿಯ ಕೆಳಗೆ ಬಲ ಹೆಗಲ ಮೂಳೆ ಮುರಿದುಕೊಂಡಿದ್ದಳು. ಪಟ್ಟಿ ಕಟ್ಟಿದ ತೋಳನ್ನು ಎದೆಗೆ ತೂಗುಹಾಕಿಕೊಂಡು ಬಸ್ಸಿನಿಂದಿಳಿದವಳು ಮನೆಗೂ ಹೋಗದೆ ಮಗಳನ್ನು ನೋಡಲು ಶಾಲೆಗೇ ಬಂದಳು. ಪಾಠಗಳು ನಡೆಯುತ್ತಿದ್ದ ಹೊತ್ತು. ವರಾಂಡದಲ್ಲಿ ಯಾರೂ ಇರಲಿಲ್ಲ. ಮಗಳ ತರಗತಿ ಮುಟ್ಟುವ ಮುನ್ನವೇ ಅವಳು ಹೆಡ್‌ಮಾಸ್ತರರ ಕೈಗೆ ಸಿಕ್ಕಿದಳು. ಶಿಕ್ಷಕರ ಬಾಯಲ್ಲಿ ಅವರ ಹೆಸರು ‘ಫೋಟೋ ಸಾರ್’. ಇಂಥ ಸಂದರ್ಭಗಳಿಗೆಂದೇ ಅವರ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಹೂಗುಚ್ಛ ಸದಾ ಸಿದ್ಧವಿರುತ್ತಿತ್ತು. ಫೋಟೋ ಮುಗಿದೊಡನೆ ಅದನ್ನು ಇಸಿದುಕೊಂಡು ಒರೆಸಿ ಮತ್ತೆ ಹೂದಾನಿಯಲ್ಲಿ ನಿಲ್ಲಿಸುತ್ತಿದ್ದರು. ಹೂಗುಚ್ಛವನ್ನು ಎರಡೂ ಕೈಯಲ್ಲಿ ಹಿಡಿಯಬೇಕೆಂದು ಅವರು ಒತ್ತಾಯಿಸಿದಾಗ ನೋವಿಗೆ ಅವಳ ಹಲ್ಲು ಕಟಕಟನೆಂದಿತು. ಫೋಟೋದಲ್ಲಿ ಅದು ನಗುವಿನಂತೆಯೇ ಕಂಡಿತು. ಒಂದು ಗಂಟೆಯೊಳಗೆ ಫೋಟೋ ಮುದ್ರಣವಾಗಿ ಫಲಕವೇರಿತು. ಇನ್ನೊಂದು ಗಂಟೆಯೊಳಗೆ ಗುಮಾಸ್ತ ಬಂದು ತಲೆ ಎಣಿಕೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟ. ಶಾಲೆಯ ಆಯಾ ಏಣಿ ಹಿಡಿದು ಓಡಿದಳು. ಫೋಟೋ ಇದ್ದ ಮೊಳೆಗೆ ಪರೀಕ್ಷೆಯ ವೇಳಾಪಟ್ಟಿ ತೂಗಿತು.

“ಟೀಚರಮ್ಮ, ಸಾಹೇಬ್ರು ಕರೀತಿದಾರೆ,” ಎಂದಳು ಆಯಾ, ಮೆಟ್ಟಿಲ ಕೆಳಗೆ ಇಣುಕಿ. “ಹುಷಾರು. ಮುಖ ನೋಡಿದ್ರೆ ಹೂಗುಚ್ಛ ಅವರೇ ನುಂಗಿರೋ ಹಾಗಿದೆ.”

ಹೆಡ್‌ಮಾಸ್ತರರು ಫ್ಯಾನಿನ ಕೆಳಗೆ ಬೆವರುತ್ತಿದ್ದರು.

“ಕೂತ್ಕೊಳ್ಳಿ ಮೇಡಂ. ನಿಮ್ಮ ಕೋಣೆ ಬಗ್ಗೆ ನಂಗೆ ತುಂಬಾ ಚಿಂತೆ ಆಗಿದೆ.”

“ಫ್ಯಾನಿನ ಬಗ್ಗೆನಾ ಸಾರ್?”

“ತಮಾಷೆ ಆಮೇಲೆ. ತಲೆ ಇಪ್ಪತ್ತೊಂಬತ್ತು.”

“ಮೂವತ್ತಿತ್ತಲ್ಲ?”

“ಇತ್ತು. ಆಯಮ್ಮ ಮೂಳೆ ಮುರ್ಕೊಂಡು ಬಂದ್ಬಿಟ್ರಲ್ಲ! ಇನ್ನೊಂದು ಹತ್ತು ದಿನ ತಡೆದು ಮುರ್ಕೊಂಡಿದ್ರೆ ಅವರ ಗಂಟೇನು ಹೋಗ್ತಿತ್ತು?”

“ನೀವೇ ಸ್ವಾಗತ ಮಾಡಿದ್ರಿ ಸಾರ್.”

“ಸ್ವಾಗತ ಮಾಡೋವಾಗ ಯಾರಾದ್ರೂ ಎಣಿಸ್ತಾರೇನ್ರೀ?” ಹೆಡ್‌ಮಾಸ್ತರರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಈಗ ಕೇಳಿ. ಅವರು ಊರಿನ ಸೈನಿಕ ಕಚೇರಿಗೆ ಹೋಗಿ ಕಾಗದ ಕೊಡೋವರೆಗೂ ದಾಖಲೆ ಪ್ರಕಾರ ಗಡಿಯಲ್ಲೇ ಇರ್ತಾರೆ. ಕೊಡೋಕೆ ಎರಡು ವಾರ ಸಮಯ ಇದೆಯಂತೆ. ಕಾಗದದ ಮೇಲೆ ಅವರು ಇಲ್ಲಿಲ್ಲ. ಮನೆಯಿಂದ ಹೊರಗೆ ಬರದಿದ್ರೆ ಕಣ್ಣಿಗೂ ಇಲ್ಲ. ಇಲ್ಲಿಲ್ಲದೋರನ್ನ ಇಲ್ಲ ಅಂತ ಹೇಳೋದು ಸುಳ್ಳು ಹೇಗಾಗುತ್ತೆ?”

“ಮಗೂಗೆ?”

“ಮಗೂಗೆ ನೀವು ಹೇಳಿ. ನಿಮ್ಮ ಮಾತು ಕೇಳ್ತಾಳೆ.” ದನಿ ತಗ್ಗಿಸಿ, ಉಪಕಾರ ಮಾಡುವವರಂತೆ ಅಂದರು, “ನನ್ನ ಹುದ್ದೆಗೇನೂ ಆಗಲ್ಲ ಮೇಡಂ. ಹೋಗೋದು ನಿಮ್ಮ ಹುದ್ದೆ, ನಿಮ್ಮ ಕೋಣೆ. ಉಳಿದ ಇಪ್ಪತ್ತೊಂಬತ್ತು ಮಕ್ಕಳ ಮುಖ ನೋಡಿ.”

ಟೀಚರಿಗೆ ಸಿಟ್ಟು ಬಂದದ್ದು ಅವರು ಹೇಳಿದ ರೀತಿಗೆ. ಹೇಳಿದ ವಿಷಯ ಸುಳ್ಳಾಗಿರಲಿಲ್ಲ. ಮೊಲದ ದನಿಯ ಫಿರಂಗಿಯವನ ಮಗ, ತಂದೆಯ ಪುಟ ಬರುವ ದಿನ ಅಂಗಿಗೆ ಗುಂಡಿ ಹಾಕಿಕೊಂಡು ಬರುವ ಅವಳಿ ಮಕ್ಕಳು, ಎಲ್ಲರೂ ಕಣ್ಣೆದುರು ಬಂದರು. ಎಂಟನೆಯ ಊರಿನ ಬಸ್ಸೂ ಬಂತು. ಇದರಲ್ಲಿ ಯಾವುದಕ್ಕಾಗಿ ತಾನು ತಲೆಯಾಡಿಸಿದೆನೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಗೊತ್ತಾಗುತ್ತಿತ್ತು.

ಸೂಜಿಯ ಮನೆ ಲಾಂಡ್ರಿಯೊಂದರ ಮೇಲಿನ ಎರಡು ಕೋಣೆ. ಕೆಳಗಿನ ಬಾಯ್ಲರಿನ ಹಬೆಗೆ ನೆಲ ಸದಾ ಬೆಚ್ಚಗಿರುತ್ತಿತ್ತು. ಅಜ್ಜಿ ಲಾಂಡ್ರಿಗೆ ಹೋಟೆಲುಗಳ ಹಾಸಿಗೆ ಬಟ್ಟೆ ಮಡಿಸಿಕೊಡುವವಳು. ಆ ಸಂಜೆ ಆಳೆತ್ತರದ ಬಿಳಿ ರಾಶಿಯ ಹಿಂದೆ ಕುಳಿತಿದ್ದಳು. ತಾಯಿ ನೆಲದ ಮೇಲೆ ಗೋಡೆಗೊರಗಿ ಕಾಲು ಚಾಚಿದ್ದಳು. ಸೂಜಿ ಅವಳ ಒಳ್ಳೆಯ ತೋಳಿಗೆ ಬಳ್ಳಿಯಂತೆ ಸುತ್ತಿಕೊಂಡಿದ್ದಳು. ಟೀಚರು ಬಂದ ವಿಷಯ ಹೇಳಿ ಮುಗಿಸುವ ಹೊತ್ತಿಗೆ ಅಜ್ಜಿ ಒಂದೇ ಹೊದಿಕೆಯನ್ನು ಮೂರು ಸಲ ಮಡಿಸಿ ಬಿಚ್ಚಿದ್ದಳು.

“ಹದಿನಾಲ್ಕು ತಿಂಗಳು ‘ಯಾವಾಗ ಬರ್ತಾಳೆ, ಯಾವಾಗ ಬರ್ತಾಳೆ’ ಅಂತ ಕೇಳಿದ್ರಿ. ಈಗ ‘ಯಾಕೆ ಬಂದ್ಲು’ ಅಂತ ಕೇಳೋಕೆ ಬಂದ್ರಾ ತಾಯಿ?”

“ಅಮ್ಮ, ನೀನು ಸುಮ್ನಿರು,” ಎಂದಳು ಸೈನಿಕ ಮಗಳು.

“ನಾನ್ಯಾಕೆ ಸುಮ್ನಿರ್ಲಿ? ಸುಮ್ನಿರೋಕೆ ನಾನೇನು ತಲೆ ಎಣಿಕೇಲಿದೀನಾ?”

ತಾಯಿ ನಕ್ಕು, ಹೆಗಲು ಹಿಡಿದುಕೊಂಡು ಮುಖ ಕಿವುಚಿದಳು. “ಟೀಚರ್, ನೀವು ಇಷ್ಟು ಸಂಕೋಚ ಪಡ್ಬೇಡಿ. ಅಲ್ಲಿ ನಾವು ಇಲ್ಲದ ಬಿಡಿಭಾಗಗಳನ್ನ ಇವೆ ಅಂತ ಬರ್ಕೊಂಡು ಲಾರಿ ಓಡಿಸಿದೀವಿ. ಇಲ್ಲಿ, ಇರೋ ನನ್ನ ಇಲ್ಲ ಅಂತ ಬರ್ಕೊಳ್ಳೋದು ಅದಕ್ಕಿಂತ ಸುಲಭ. ಹನ್ನೊಂದು ದಿನ ತಾನೆ? ಪರದೆ ಎಳ್ಕೊಂಡು ಮಲಗ್ತೀನಿ. ನಿಮ್ಮ ಕೋಣೆ ಇಲ್ದಿದ್ರೆ ಇವಳ ದನಿ ನಾನು ಮತ್ತೆ ಕೇಳ್ತಿರ್ಲಿಲ್ಲ.”

ಇಷ್ಟು ಸುಲಭವಾಗಿ ಒಪ್ಪಿಗೆ ಸಿಗಬಾರದಿತ್ತೆಂದು ಟೀಚರಿಗೆ ಅನ್ನಿಸಿತು. ಅವಳು ಸೂಜಿಯ ಕಡೆ ಬಾಗಿದಳು. “ಅಮ್ಮ ಬಂದಿರೋದು ಶಾಲೇಲಿ ಯಾರಿಗೂ ಹೇಳ್ಬಾರ್ದು ಪುಟ್ಟಿ. ಸ್ವಲ್ಪ ದಿನ.”

“ಕೇಳಿದ್ರೆ?”

“ಕೇಳಿದ್ರೆ...” ಟೀಚರು ಅಂದಳು, “ಏನೂ ಮಾತಾಡ್ಬೇಡ.”

ಎಂಟು ತಿಂಗಳು ಕಾದು ತೆರೆಸಿದ ಬಾಯಿಗೆ ತಾನೇ ಬೀಗ ಜಡಿದು, ಲಾಂಡ್ರಿಯ ಮೆಟ್ಟಿಲಿಳಿದು ಬಂದಳು.

ಮಕ್ಕಳು ದೊಡ್ಡವರಂತೆ ಅರ್ಧಂಬರ್ಧ ಸುಳ್ಳು ಹೇಳಲಾರರು. ಮಾಡಿದರೆ ಪೂರ್ತಿ ಮಾಡುತ್ತಾರೆ. ಒಂದು ಮಾತು ಹೊರಗೆ ಬಿಟ್ಟರೆ ಅದರ ಬೆನ್ನಿಗೇ ಇನ್ನೊಂದು ನುಸುಳೀತೆಂದು ಲೆಕ್ಕ ಹಾಕಿದ ಸೂಜಿ ಮಾರನೆಯ ದಿನದಿಂದ ಬಾಯಿಯನ್ನೇ ತೆರೆಯಲಿಲ್ಲ. ಹಾಜರಿಗೆ ಮತ್ತೆ ಕೈ ಎತ್ತಿದಳು. ಬಾಯಾರಿದಾಗ ಮತ್ತೆ ನಲ್ಲಿ ತೋರಿಸಿದಳು. ಕೋಣೆಗೆ ಬಂದು ಚಾವಣಿ ತಗ್ಗಾದ ಮೂಲೆಯಲ್ಲಿ ಕೂರುತ್ತಿದ್ದಳು. ಟೀಚರು ಪುಸ್ತಕ ಮುಂದಿಟ್ಟರೆ ಆ ಚುಚ್ಚುವ ಕಣ್ಣಿನಿಂದ ನೋಡಿ ತುಟಿ ಒತ್ತಿಕೊಳ್ಳುತ್ತಿದ್ದಳು. ಅದರಲ್ಲಿ ಮುನಿಸಿರಲಿಲ್ಲ. ಕೊಟ್ಟ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದೇನಲ್ಲ ಎಂಬ ಪ್ರಶ್ನೆ ಇತ್ತು. ಟೀಚರಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

“ಓದು ಪುಟ್ಟಿ, ಓದೋಕೆ ಪರವಾಗಿಲ್ಲ,” ಎಂದಳು ಐದನೆಯ ದಿನ.

ಸೂಜಿ ಬಾಗಿಲ ಕಡೆ ನೋಡಿ, ಇಲ್ಲವೆಂದು ತಲೆಯಾಡಿಸಿದಳು.

ಅತ್ತ ಲಾರಿಗಳ ಕೆಳಗೆ ಶೆಲ್ಲುಗಳ ಸದ್ದಿನಲ್ಲಿ ನಿದ್ದೆ ಹೋಗುತ್ತಿದ್ದ ಹೆಂಗಸು, ಕೈಯಲ್ಲಿ ಕಡತ ಹಿಡಿದ ಒಬ್ಬ ಮನುಷ್ಯನಿಗೆ ಹೆದರಿ ಹಗಲೆಲ್ಲ ಪರದೆಯ ಹಿಂದೆ ಕುಳಿತಿದ್ದಳು. ಶತ್ರು ಸೈನ್ಯ ಹದಿನಾಲ್ಕು ತಿಂಗಳಲ್ಲಿ ಮಾಡಲಾಗದ್ದನ್ನು ಒಬ್ಬ ಹೆಡ್‌ಮಾಸ್ತರ್ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದರು: ಅವಳನ್ನು ಸೆರೆ ಹಿಡಿದಿದ್ದರು.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ನಮ್ಮ ಹೆಡ್‌ಮಾಸ್ತರರಿಗೆ ಯಾರೂ ಏನೂ ಅನ್ನುವ ಅಗತ್ಯವೂ ಇರಲಿಲ್ಲ. ಎಣಿಕೆಗೆ ಎರಡು ದಿನವಿದೆಯೆನ್ನುವಾಗ ಅವರಿಗೆ ಭದ್ರತೆ ಸಾಲದೆನಿಸಿತು. ಅವರೇ ಮೆಟ್ಟಿಲ ಕೆಳಗಿನ ಕೋಣೆಗೆ ಇಳಿದು ಬಂದು, ಕಿಟಕಿಯ ಬಳಿ ಹಣೆ ಬಡಿಸಿಕೊಂಡರು.

“ಅಧಿಕಾರಿಗಳಿಗೆ ನಿಮ್ಮ ಫೋನಿನ ಓದು ತೋರಿಸ್ತೀನಿ. ಆ ಹುಡುಗೀದೇ ತೋರಿಸ್ಬೇಕು. ತಾಯಿ ಅಲ್ಲೇ ಇದಾಳೆ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ?”

“ಹೋದ ತಿಂಗಳದ್ದು ಇದೆ ಸಾರ್. ಸಾಕಾಗುತ್ತೆ.”

“ಹೋದ ತಿಂಗಳ ತಾರೀಖು ಕಾಣಿಸುತ್ತಲ್ರೀ! ಈ ವಾರದ್ದು ಬೇಕು. ಮನೆಯಲ್ಲಿ ಕೂತು ಓದಿ ಕಳಿಸಲಿ. ಅವರಿಗೆ ಅಲ್ಲಿ ಬೇರೇನು ಕೆಲಸ?”

“ಸಾರ್, ಎಣಿಸಿ ಹೋಗ್ತಾರೆ ಅಷ್ಟೆ. ಇಲ್ಲದ ಉಸಾಬರಿ ಯಾಕೆ?”

“ಮೇಡಂ, ಆಡಳಿತ ನಿಮಗೆ ಅರ್ಥ ಆಗಲ್ಲ,” ಎಂದರು ಹೆಡ್‌ಮಾಸ್ತರರು, ಹಣೆ ಉಜ್ಜಿಕೊಳ್ಳುತ್ತ.

ಸಂಜೆ ಸೂಜಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ದಳು. ಎಣಿಕೆಯ ದಿನ ಬೆಳಗ್ಗೆ ಟೀಚರ ಫೋನಿಗೆ ಸೂಜಿಯ ತಾಯಿಯ ಓದು ಬಂತು. ಆಗ ಅವಳು ಮೂವತ್ತು ಮಕ್ಕಳ ಎದೆಗೆ ಮೂವತ್ತು ನೀಲಿ ಪಟ್ಟಿ ಚುಚ್ಚುತ್ತಿದ್ದಳು. ಕೇಳಿ ನೋಡಲು ಪುರುಸೊತ್ತಾಗಲಿಲ್ಲ.

ಹಾಡಹಗಲಿನಲ್ಲಿ ಕಮಾನಿನ ಬಣ್ಣದ ದೀಪಗಳು ಉರಿಯುತ್ತಿದ್ದವು. ತನಿಖಾಧಿಕಾರಿ ಉದ್ದನೆಯ, ನಿದ್ದೆಗಣ್ಣಿನ ಮನುಷ್ಯ; ಅದು ಅವರ ಆ ದಿನದ ಮೂರನೆಯ ಶಾಲೆ. ಪೆನ್ಸಿಲಿನ ಹಿಂಬದಿಯಿಂದ ಒಂದೊಂದು ತಲೆಯನ್ನೂ ಮೆಲ್ಲಗೆ ತಟ್ಟುತ್ತ, ಸಂತೆಯಲ್ಲಿ ಕಲ್ಲಂಗಡಿ ಆರಿಸುವವರ ಹಾಗೆ ಸಾಲಿನುದ್ದಕ್ಕೂ ನಡೆದರು. ಕೊನೆಯ ತಲೆ ಸೂಜಿಯದು.

“ಮೂವತ್ತು,” ಎಂದರು. ಹೆಡ್‌ಮಾಸ್ತರರು ಉಸಿರು ಬಿಟ್ಟರು. ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಅಧಿಕಾರಿ ಕೈಗಡಿಯಾರ ನೋಡಿಕೊಂಡು ಬಾಗಿಲ ಕಡೆ ತಿರುಗಿಯೂ ಆಗಿತ್ತು.

“ಸಾರ್, ಒಂದೇ ಒಂದು ನಿಮಿಷ! ನಮ್ಮ ಕೋಣೆ ನೋಡ್ಬೇಕು ತಾವು.”

ಹೀಗೆ, ಹೋಗುತ್ತಿದ್ದ ಮಾರಿಯನ್ನು ಹೆಡ್‌ಮಾಸ್ತರರೇ ಕೈಹಿಡಿದು ಮೆಟ್ಟಿಲ ಕೆಳಗೆ ಕರೆತಂದರು. ಅಧಿಕಾರಿ ಬಾಗಿ ಒಳಗೆ ಬಂದು ಒಂದು ಸ್ಟೂಲಿನ ಮೇಲೆ ಕುಳಿತರು. ಮಕ್ಕಳು ಬಾಗಿಲಲ್ಲಿ ಮುಗಿಬಿದ್ದರು. ಸೂಜಿಯನ್ನು ಮುಂದೆ ನಿಲ್ಲಿಸಿ, “ಈ ಮಗುವಿನ ತಾಯಿ ಮೊನ್ನೆ ತಾನೆ ಗಡಿಯಿಂದ ಓದಿ ಕಳಿಸಿದ್ದು ಸಾರ್,” ಎಂದು ಹೆಡ್‌ಮಾಸ್ತರರು ಟೀಚರ ಕೈಯಿಂದ ಫೋನು ಕಸಿದು ತಾವೇ ಗುಂಡಿ ಒತ್ತಿದರು.

ತಾಯಿಯ ದಪ್ಪ ದನಿ ಕೋಣೆಯನ್ನು ತುಂಬಿತು. “‘ಬಾತುಕೋಳಿ ಉಪ್ಪಿನ ಡಬ್ಬಿಯ ಮೇಲೆ ಕುಳಿತು, ನಾನು ಕೆಲಸದಲ್ಲಿದ್ದೇನೆ, ತೊಂದರೆ ಕೊಡಬೇಡಿ ಎಂದಿತು. ಅಡುಗೆಯವನು ಸೌಟು ಎತ್ತಿಕೊಂಡನು. ಬಾತುಕೋಳಿಯನ್ನು ಕಾಣದೆ ನಾವಿಕರೆಲ್ಲ ಅತ್ತರು...’”

“ಅಮ್ಮಾ, ಒಂದು ಸಾಲು ಬಿಟ್ಟೆ!” ಫೋನಿನೊಳಗಿಂದ ಇನ್ನೊಂದು ದನಿ, ತೆಳ್ಳಗೆ, ಹರಿತವಾಗಿ.

“ಎಲ್ಲೇ?”

“ಇಲ್ಲಿ. ನನ್ನ ಬೆರಳಿದೆಯಲ್ಲ, ಇಲ್ಲಿ ನೋಡು. ಅದು ಮೊದ್ಲು ಸಮುದ್ರಕ್ಕೆ ಹಾರತ್ತೆ. ಆಮೇಲೆ ಅಳ್ತಾರೆ.”

“ಅಯ್ಯೋ, ಹೌದಲ್ಲ! ಹಾರದೇನೇ ಅಳಿಸ್ಬಿಟ್ಟೆ ಪಾಪ.” ಇಬ್ಬರ ನಗು. ಅಜ್ಜಿಯದಿರಬೇಕು, ದೂರದಿಂದ ಮೂರನೆಯ ನಗುವೂ. ಆಮೇಲೆ ದಪ್ಪ ದನಿ ಬಿಟ್ಟ ಸಾಲಿಗೆ ಹಿಂತಿರುಗಿ ಓದತೊಡಗಿತು. ಹೆಡ್‌ಮಾಸ್ತರರ ಹೆಬ್ಬೆರಳು ನಿಲ್ಲಿಸುವ ಗುಂಡಿಗಾಗಿ ತಡಕಾಡಿ, ಸದ್ದನ್ನು ಇನ್ನಷ್ಟು ಜೋರು ಮಾಡಿತು. ಕಡೆಗೆ ಟೀಚರೇ ಅದನ್ನು ನಿಲ್ಲಿಸಬೇಕಾಯಿತು.

ಅಧಿಕಾರಿಯ ನಿದ್ದೆಗಣ್ಣು ಸ್ವಲ್ಪ ಅಗಲವಾಯಿತು. “ಎರಡನೇ ದನಿ ಯಾರದು?”

“ತಂತ್ರಜ್ಞಾನ ಸಾರ್!” ಎಂದರು ಹೆಡ್‌ಮಾಸ್ತರರು. “ಇಲ್ಲಿನ ದನಿ, ಅಲ್ಲಿನ ದನಿ ಎರಡನ್ನೂ ಜೋಡಿಸ್ತೀವಿ. ಹೊಸ ವಿಧಾನ.”

“ಬೆರಳನ್ನೂ ಜೋಡಿಸ್ತೀರಾ?” ಎಂದರು ಅಧಿಕಾರಿ. ಆದರೆ ಅವರ ದನಿಯಲ್ಲಿ ಜಗಳಕ್ಕಿಂತ ಹಸಿವು ಹೆಚ್ಚಾಗಿತ್ತು. ಊಟದ ಹೊತ್ತು ಮೀರುತ್ತಿತ್ತು. ಯಾರಾದರೂ ಒಂದು ಸಭ್ಯವಾದ ಸುಳ್ಳು ಹೇಳಿದ್ದರೆ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದುಬಿಡುತ್ತಿದ್ದರು. ಅವರು ಸೂಜಿಯ ಕಡೆ ಬಗ್ಗಿ ಕೇಳಿದರು, “ಅಮ್ಮ ಎಲ್ಲಿದಾರಮ್ಮ?”

ಸೂಜಿ ತುಟಿ ಒತ್ತಿ ಹಿಡಿದು ಟೀಚರ ಕಡೆ ನೋಡಿದಳು. ಬಾಯೊಳಗೆ ಏನನ್ನೋ ಹಿಡಿದು ಹನ್ನೊಂದು ದಿನ ಓಡಿದವಳಂತೆ, ಇನ್ನೆಷ್ಟು ದೂರ ಎಂದು ಕೇಳುವ ನೋಟ ಅದು. ಹಿಂದೆ ಬಾಗಿಲಲ್ಲಿ ಇಪ್ಪತ್ತೊಂಬತ್ತು ಮುಖಗಳಿದ್ದವು. ಅವನ್ನೂ ಟೀಚರು ನೋಡಿದಳು. ನೋಡಲಿಲ್ಲವೆಂದು ಆಮೇಲೆ ಅವಳು ಎಂದೂ ಹೇಳಿಕೊಳ್ಳಲಿಲ್ಲ.

“ಹೇಳು ಪುಟ್ಟಿ,” ಎಂದಳು. “ಸಾಕು. ಹೇಳು.”

“ಮನೇಲಿದಾಳೆ,” ಎಂದಳು ಸೂಜಿ. ಮೊದಲು ಮೆಲ್ಲಗೆ, ಆಮೇಲೆ ಕಟ್ಟೆ ಒಡೆದಂತೆ. “ಹನ್ನೊಂದು ದಿನ ಆಯ್ತು. ಮೂಳೆ ಮುರಿದಿದೆ. ಈ ಕಡೆ ಮಲಗೋಕಾಗಲ್ಲ. ಪರದೆ ತೆಗೀಬಾರ್ದು ಅಂತ ಹೆಡ್‌ಮಾಸ್ಟ್ರು ಹೇಳಿದಾರೆ. ಬಾತುಕೋಳಿ ಸಾಯಲ್ಲ, ಕೊನೆ ಪುಟ ನಾವು ನಿನ್ನೆನೇ ಓದಿದ್ವಿ.”

ಬಾಗಿಲಲ್ಲಿ ಯಾರೋ ಒಬ್ಬ ಪುಟ್ಟ ಹುಡುಗಿ, “ಕೊನೆ ಹೇಳ್ಬೇಡ!” ಎಂದು ಕೂಗಿದಳು.

ಅಧಿಕಾರಿ ನಿಟ್ಟುಸಿರು ಬಿಟ್ಟು ಕಡತ ಬಿಚ್ಚಿದರು. ಮೂವತ್ತನ್ನು ಹೊಡೆದುಹಾಕಿ ಇಪ್ಪತ್ತೊಂಬತ್ತು ಎಂದು ಬರೆದರು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಸುಳ್ಳು ಹೇಳಿಸಿದವರ ಬಗ್ಗೆ ಬರೆಯಲು ನಮೂನೆಯಲ್ಲಿ ಕಲಮು ಇರಲಿಲ್ಲವಾದ್ದರಿಂದ ಅದನ್ನು ಬರೆಯಲಿಲ್ಲ. ಕಮಾನಿನ ನಿರ್ವಹಣೆ ‘ತೃಪ್ತಿಕರ’ ಎಂದು ನಮೂದಿಸಿ, ತಲೆ ಕಾಪಾಡಿಕೊಳ್ಳುತ್ತ ಹೊರಗೆ ನಡೆದರು.

ಮಾರನೆಯ ಬೆಳಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಮುರುಕು ಬೆಂಚುಗಳು ಮೆಟ್ಟಿಲ ಕೆಳಗೆ ಮರಳತೊಡಗಿದ್ದವು. ಟೀಚರ ಹುದ್ದೆಗೆ ತಿಂಗಳ ಕೊನೆಯವರೆಗೆ ಜೀವವಿತ್ತು; ಕೋಣೆಗೆ ಅಷ್ಟೂ ಇರಲಿಲ್ಲ. ಅವಳು ಪುಸ್ತಕದ ಕಪಾಟನ್ನು ಒಬ್ಬಳೇ ವರಾಂಡಕ್ಕೆ ಎಳೆಯಲು ಹೆಣಗುತ್ತಿದ್ದಾಗ ಸೂಜಿಯ ತಾಯಿ ಬಂದಳು. ಕಮಾನಿನ ಕೆಳಗೆ, ಎಲ್ಲರ ಕಣ್ಣೆದುರೇ, ಮಗಳ ಕೈ ಹಿಡಿದುಕೊಂಡು ಬಂದಿದ್ದಳು.

“ಎಂಥಾ ಕೆಲಸ ಮಾಡಿದ್ರಿ ಟೀಚರ್,” ಎಂದಳು, ದನಿಯಲ್ಲಿ ಸಿಟ್ಟೋ ಸಂಕಟವೋ ತಿಳಿಯದಂತೆ. “ಗಡಿ ಹಳ್ಳಿಯ ಯಾವುದೋ ಹುಡುಗಿ ದನಿ ಅಂದಿದ್ರೆ ಮುಗೀತಿತ್ತಲ್ಲ. ಒಂದು ಸುಳ್ಳು ಹೊಳೀಲಿಲ್ವಾ?”

“ಹೊಳೀತು. ಮೂರು ಹೊಳೆದ್ವು.”

“ಮತ್ತೆ?”

ಟೀಚರು ಕಪಾಟಿನ ಮೇಲೆ ಕೈಯೂರಿ ನಿಂತಳು. “ಮೂರರಲ್ಲಿ ಯಾವುದು ಹೇಳಿದ್ರೂ ಇವಳು ಇನ್ನೂ ಬಾಯಿ ಮುಚ್ಕೊಂಡಿರ್ಬೇಕಿತ್ತು. ಎಣಿಕೆ ವರ್ಷಾ ವರ್ಷಾ ಬರುತ್ತಲ್ಲ.”

“ಉಳಿದ ಮಕ್ಕಳು?”

ಟೀಚರು ಅದೇ ಪ್ರಶ್ನೆಯೊಂದಿಗೆ ರಾತ್ರಿ ಕಳೆದಿದ್ದಳು. “ತಿಂಗಳ ಕೊನೆವರೆಗೆ ನಲ್ಲಿ ಪಕ್ಕ ಕೂತು ಓದಿಸ್ತೀನಿ,” ಎಂದಳು. “ಆಮೇಲೆ ಗೊತ್ತಿಲ್ಲ.”

ತಾಯಿ ಮಗಳ ಕೈ ಬಿಟ್ಟು ಕಪಾಟಿನ ಬಳಿ ಬಂದಳು. “ನಿಮ್ಗೊಂದು ವಿಷಯ ಹೇಳ್ತೀನಿ. ಆ ಪುಟ ಮುಗಿದ ಮೇಲೆ, ‘ಇದು ಕೆಟ್ಟೋಯ್ತು, ಇನ್ನೊಂದು ಸಲ ಓದ್ತೀನಿ’ ಅಂದೆ. ಇವಳು ಪೂರ್ತಿ ಕೇಳಿ ನೋಡಿ, ‘ಬೇಡ, ಇದೇ ಚೆನ್ನಾಗಿದೆ’ ಅಂತ ಕಳಿಸ್ಬಿಟ್ಳು. ನಾನೂ ಸುಮ್ಮನಾದೆ.”

ಟೀಚರು ಸೂಜಿಯನ್ನು ನೋಡಿದಳು. ಸೂಜಿ ಮೇಲಿನ ಸಾಲಿನ ಪುಸ್ತಕಗಳನ್ನು ಎದೆಗವಚಿಕೊಳ್ಳುವುದರಲ್ಲಿ ಮಗ್ನಳಾಗಿದ್ದಳು. “ಟೀಚರ್, ಇವನ್ನ ಮೊದ್ಲು ತೆಗೀಬೇಕು. ಆಗ ಹಗುರ ಆಗುತ್ತೆ. ಅಷ್ಟೂ ಗೊತ್ತಾಗಲ್ವಾ ನಿಮ್ಗೆ?”

“ಬಾಯಿ ನೋಡಿ ಇದರದ್ದು!” ಎಂದಳು ತಾಯಿ. ಎಡಗೈಯನ್ನು ಕಪಾಟಿನ ಅಡಿಗೆ ಹಾಕಿ, ಮೊಣಕಾಲು ಬಾಗಿಸಿ, ಲಾರಿಯ ಚಕ್ರ ಎತ್ತುವವಳಂತೆ ಒಂದು ತುದಿ ಎತ್ತಿದಳು. ಇನ್ನೊಂದು ತುದಿ ಟೀಚರದು. ವರಾಂಡದ ನಡುವೆ ಹೆಡ್‌ಮಾಸ್ತರರು ಎದುರಾದರು.

“ಇದೇನಿದು? ಶಾಲೆ ಸಾಮಾನನ್ನ ಎಲ್ಲಿಗೆ ಒಯ್ತಿದೀರಿ? ಯಾರ ಅನುಮತಿ? ಹೊರಗಿನೋರು ಒಳಗೆ ಬರೋ ಹಾಗಿಲ್ಲ ಇಲ್ಲಿ!”

“ದಾರಿ ಬಿಡಿ ಸಾರ್,” ಎಂದಳು ಮೆಕ್ಯಾನಿಕ್, ನಿಲ್ಲದೆ. “ಭಾರ ಇದೆ.”